ಕೆಳಗಿನದು, ನಡುವಿನದು, ಮೇಲಿನದು

ಹಾಸನದ ಬಿ.ಎಂ. ರಸ್ತೆಯ ಶೋರೂಮಿನಲ್ಲಿ
ಮೂರು ಗಾಡಿ ನಿಂತಿವೆ, ಒಂದೇ ಹೊಟ್ಟೆಯವು.
ಕೊರಳಿಗೆ ಪಟ್ಟಿ ಹಾಕಿಕೊಂಡ ಹುಡುಗ ನಿಶ್ಚಿತ್
ಜಾನುವಾರು ಸಂತೆಯ ದಲ್ಲಾಳಿಯ ಹಾಗೆ
ಒಂದೊಂದರ ಬಾಯಿ ತೆರೆಸಿ ಹಲ್ಲು ತೋರಿಸುತ್ತಾನೆ:
ಎಂಜಿನ್ನು ಮೂರಕ್ಕೂ ಒಂದೇ ಮೇಡಂ,
ಕೆಸರಿನಿಂದ ಎಳೆಯುವ ಗಿಡ್ಡ ಗೇರೂ ಒಂದೇ.

ಮತ್ತೆ ಎರಡೂವರೆ ಲಕ್ಷದ ಅಂತರ ಯಾವುದಕ್ಕೆ?

ಒಂಬತ್ತಿಂಚಿನ ಪರದೆಗೆ. ಹೊಳೆಯುವ ಚಕ್ರಕ್ಕೆ.
ಕತ್ತಲಾದರೆ ತಾನೇ ಹೊತ್ತುವ,
ಕೆಸರಾದರೆ ತಾನೇ ಮುಖ ತೊಳೆಯುವ ದೀಪಕ್ಕೆ.
ನೆಲದ ಕಾರ್ಪೆಟ್ಟಿಗೆ.

ದ್ಯಾವಯ್ಯ ಆಗಲೇ ಕೆಳಗಿನದರ ಹಿಂಬಾಗಿಲು ತೆಗೆದು
ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದ. ಬರಿಯ ರಬ್ಬರು.
"ಇದೇ ಸರಿ ಕಣಮ್ಮ. ಒಂದ್ ಬಕೀಟು ನೀರು ಹೊಡುದ್ರೆ ಮುಗೀತು."
ಇಪ್ಪತ್ತೆರಡು ವರ್ಷದಿಂದ ಆಲೂರಿನ ದನದಾಸ್ಪತ್ರೆಯಲ್ಲಿ,
ನನಗಿಂತ ಮುಂಚೆ ನಾಲ್ಕು ಡಾಕ್ಟರರ ಚೀಲ ಹೊತ್ತವನು.
ನಮ್ಮ ಗಾಡಿಯ ಹಿಂದೆ ಏನೇನು ಪಯಣಿಸುತ್ತದೆ ಅವನಿಗೆ ಗೊತ್ತು:
ಹೊಗೆಯಾಡುವ ಸಾರಜನಕದ ಕ್ಯಾನು, ಹಗ್ಗ, ಗಂಬೂಟು,
ಕಾಲು ಮುರಿದ ಮೇಕೆ, ಮಾಸು, ನೆತ್ತರು,
ಹೆಸರಿಲ್ಲದ ಒಂದಿಷ್ಟು ನೀರು.
ನಿಶ್ಚಿತ್‌ನ ಕೈ ಮೂಗಿನವರೆಗೆ ಹೋಗಿ
ನಾಚಿ ಇಳಿಯಿತು.

ಫೋನಿನಲ್ಲಿ ಗಂಡ: "ನಡುವಿನದು ತಗೊ, ತಂಟೆಯಿಲ್ಲ."
ಅವರದು ಯಾವತ್ತೂ ನಡುವಿನದೇ.
ಸೈಟು ಕೊಂಡದ್ದು ನಡುವಿನ ಅಡ್ಡರಸ್ತೆಯಲ್ಲಿ,
ಬಸ್ಸು ಹತ್ತಿದರೂ ನಡುಸೀಟು, ಜಗಳದಲ್ಲೂ ಹಾಗೆಯೇ.
ನಡುವಿನದಕ್ಕೆ ಪರದೆ ಉಂಟು, ಚಿಕ್ಕದು. ಕಾರ್ಪೆಟ್ಟೂ ಉಂಟು, ತೆಳ್ಳಗೆ.

"ಇದೊಂದು ನೋಡಿಬಿಡಿ, ಮೇಲಿನದರಲ್ಲಿ ಮಾತ್ರ"
ಎಂದು ಹುಡುಗ ಗೇರನ್ನು ಹಿಂದಕ್ಕೆ ಹಾಕಿದ.
ಪರದೆ ಕಣ್ಣು ಬಿಟ್ಟಿತು.
ನಮ್ಮ ಬೆನ್ನ ಹಿಂದಿನ ಹಾಸನವೆಲ್ಲ ಅದರೊಳಗೆ:
ಮಜ್ಜಿಗೆ ಗಾಡಿ, ಮಗ್ಗುಲಾದ ನಾಯಿ,
ಹಸಿರು, ಹಳದಿ, ಕೆಂಪು ಗೆರೆ.

ಹೋದ ಮಾಗಿ. ಹೊಸಕೋಟೆಯಾಚೆ
ಪುಟ್ಟಲಿಂಗಮ್ಮನ ಅಂಗಳ.
ಕತ್ತು ಹಿಂದಕ್ಕೆ ಮಡಚಿಕೊಂಡ ಕರು;
ಭುಜದವರೆಗೆ ಕೈ ಹಾಕಿ ಎರಡು ಗಂಟೆ ತಡಕಾಡಿ
ಉಸಿರಿದ್ದ ಹಾಗೇ ಈಚೆ ತೆಗೆದಿದ್ದೆ.
ಬೆಲ್ಲದ ಕಾಫಿ ಕೊಟ್ಟರು.
ಅದು ನಿಂತಿತು, ಬಿತ್ತು, ನಿಂತಿತು.
ದ್ಯಾವಯ್ಯ ಇನ್ನೂ ಒಳಗೆ ಲೋಟ ಬರಿದು ಮಾಡುತ್ತಿದ್ದ.
ನಾನು ಗಾಡಿ ಹಿಂದಕ್ಕೆ ತೆಗೆದೆ.

ಸದ್ದು ಕೂಡ ದೊಡ್ಡದಲ್ಲ.

"ಬೆನ್ನಲ್ಲಿ ಕಣ್ಣು ಮಡಗಿಲ್ವಲ್ಲ ದ್ಯಾವ್ರು,
ಏನ್ ಮಾಡಕಾಯ್ತದೆ, ಬುಡಿ" ಎಂದಳು ಆ ತಾಯಿ.
ಮಾರನೆಯ ದಿನ ಆಸ್ಪತ್ರೆಗೆ
ಸ್ಟೀಲು ಡಬ್ಬಿಯ ತುಂಬ ಗಿಣ್ಣು ಕಳಿಸಿದಳು.
ನಾವಿಬ್ಬರೂ ಮುಚ್ಚಳ ತೆಗೆಯಲಿಲ್ಲ.
ಸಂಜೆಯ ಹೊತ್ತಿಗೆ ಡಬ್ಬಿ ತೊಳೆದು ಬೋರಲು ಹಾಕಿತ್ತು.
ಯಾರು ತೊಳೆದರೆಂದು ಕೇಳಲಿಲ್ಲ.

ಶೋರೂಮಿನಲ್ಲಿ ಇದನ್ನೆಲ್ಲ ಯಾರು ಹೇಳುತ್ತಾರೆ?
ನಾನು ವಿಮೆ ಕೇಳಿದೆ, ಮೈಲೇಜು ಕೇಳಿದೆ,
ಕಂತಿನ ಲೆಕ್ಕ ಎರಡು ಸಲ ಮಾಡಿಸಿದೆ.
ಈಚೆಗೆ ಆ ಕಣ್ಣನ್ನು ಬೇರೆಯೇ ಕೊಂಡು ಕೂರಿಸಬಹುದಂತೆ;
ಆರು ಸಾವಿರವಂತೆ. ಅದು ಯಾರಿಗೂ ನೆನಪಾಗಲಿಲ್ಲ.

ಕೆಳಗಿನದರ ಹಿಂಬಾಗಿಲನ್ನು ಮೆಲ್ಲಗೆ ಮುಚ್ಚಿ
ದ್ಯಾವಯ್ಯ ಬಂದ. ಪರದೆ ನೋಡಿದ. ನನ್ನನ್ನು ನೋಡಲಿಲ್ಲ.
"ಮೇಲಿಂದೇ ತಗಳಿ ಅಮ್ಮ.
ಕಾರ್ಪೆಟ್ ಕೀಳಕ್ಕೆ ನಂಗೆ ಬತ್ತದೆ."

ಬುಧವಾರ ಗಾಡಿ ಬಂತು. ಗುರುವಾರ ಕಾರ್ಪೆಟ್ಟು ಹೋಯಿತು,
ಆಸ್ಪತ್ರೆಯ ಬೆಕ್ಕು ಅದರ ಮೇಲೆ ಮರಿ ಹಾಕಿದೆ.

ಆ ರಾತ್ರಿಯೇ ಪಾಳ್ಯದ ಕಡೆಯಿಂದ ಕರೆ.
ಕೆಲಸ ಮುಗಿಸಿ ಗೇರು ಹಿಂದಕ್ಕೆ ಹಾಕಿದರೆ
ಪರದೆಯ ನಡುಮಧ್ಯೆ, ಕೆಂಪು ಗೆರೆಯಾಚೆ,
ಕೈಯಲ್ಲಿ ಟಾರ್ಚು, ತಲೆಗೆ ಟವೆಲು,
ದ್ಯಾವಯ್ಯ.

ಸರೀರಿ, ಎಲ್ಲ ಕಾಣುತ್ತದೆ, ಎಂದು ಕೂಗಿದೆ.
ಗಾಡಿ ಟೀಂ ಟೀಂ ಬಡಿದುಕೊಳ್ಳುತ್ತಿತ್ತು.
ಅವನು ಬನ್ನಿ ಬನ್ನಿ ಎನ್ನುತ್ತಲೇ
ಹಿಂದೆ ಹಿಂದೆ ನಡೆಯುತ್ತಿದ್ದ.